ಷರಾ

ಬೆಳಗಿನ ನಾಲ್ಕೂಕಾಲು. ಮುಫುಲಿರಾದ ಗಂಧಕದ ಹೊಗೆ
ಗಂಟಲಲ್ಲಿ ಬೆಂಕಿಕಡ್ಡಿ ಗೀರುವ ಹೊತ್ತು.
ಗಣಿಯ ಗೇಟಿನ ಪಕ್ಕ ತಗಡಿನ ಗೂಡು, ಒಂದು ಟ್ಯೂಬ್‌ಲೈಟು,
ನಾನು, ನನ್ನ ಯಂತ್ರ, ಮುನ್ನೂರು ಪ್ಲಾಸ್ಟಿಕ್ ಕೊಳವೆ.

ಊದಿ. ಇನ್ನೂ ಊದಿ. ಸಾಕು.
ಸೊನ್ನೆ. ಸೊನ್ನೆ. ಸೊನ್ನೆ.
ಊದಿ.

ಎಲ್ಲರೂ ಸಿಸ್ಟರ್ ಅನ್ನುತ್ತಾರೆ, ನಾನು ನರ್ಸಲ್ಲ,
ಆರು ದಿನದ ತರಬೇತಿ, ಒಂದು ಸರ್ಟಿಫಿಕೇಟು.
ಆದರೆ ಈ ಊರಿನ ಗಂಡಸರ ಉಸಿರು ನನಗೆ ಗೊತ್ತಿರುವಷ್ಟು
ಅವರ ಹೆಂಡಿರಿಗೂ ಗೊತ್ತಿಲ್ಲ:
ಯಾರು ಒಣಮೀನು ತಿಂದವರು, ಯಾರ ದವಡೆ ಹುಳುಕು,
ಯಾರು ರಾತ್ರಿ ಏನೂ ತಿನ್ನದೆ ಮಲಗಿದವರು.
ಸೋಮವಾರ ಚೀಟಿ ಎತ್ತಿ ಹತ್ತು ಮಂದಿಗೆ ಲೋಟ ಕೊಡುತ್ತೇನೆ,
ಬಾಗಿಲಾಚೆ ನಿಂತು ಗೋಡೆ ನೋಡುತ್ತೇನೆ.
ಉಚ್ಚೆಯ ಬಿಸಿ ಅಳೆಯುವುದೂ ನನ್ನ ಕೆಲಸವೇ.
ತಣ್ಣಗಿದ್ದರೆ ಅದು ತಮ್ಮನದು, ಇಲ್ಲವೇ ಕಾಸಿಗೆ ಕೊಂಡದ್ದು.

ಇವತ್ತು ಲುಕೊಂಡೆ ಚಿಸಂಗ ಊದಿದ.
ಯಂತ್ರ ಕಿರುಚಿತು.

ಲುಕೊಂಡೆ! ಚರ್ಚಿನಲ್ಲಿ ಡೋಲು ಬಾರಿಸುವವನು,
ಮಕ್ಕಳೂ ಕುಡಿಯುವ ಬೇರಿನ ಮುಂಕೋಯೊ ಕೂಡ
ಒಂದು ದಿನ ಹೆಚ್ಚು ಹುಳಿಯಾದರೆ ಮುಟ್ಟದವನು.
ಹಿಂದೆ ನಿಂತವರು ತಮ್ಮ ತಮ್ಮ ಬೂಟು ನೋಡಿಕೊಂಡರು.
ಊದಲೆಂದೇ ಬಂದ ಇನ್ನೂರು ಜನ,
ಒಬ್ಬರೂ ಉಸಿರೆತ್ತಲಿಲ್ಲ.

ನಿಯಮ: ಹದಿನೈದು ನಿಮಿಷ ಕೂರಿಸಬೇಕು.
ನೀರಿಲ್ಲ, ಬೀಡಿಯಿಲ್ಲ. ಆಮೇಲೆ ಇನ್ನೊಮ್ಮೆ.
ಬಾಯಿಯದು ಬೇರೆ, ರಕ್ತದ್ದು ಬೇರೆ.
ಉಳಿದವರನ್ನು ಪಕ್ಕದ ಕಿಟಕಿಗೆ ಅಟ್ಟಿದೆ.

ಬೆಂಚಿನ ತುದಿಗೆ ಕೂತ. ಹೆಲ್ಮೆಟ್ಟು ತೊಡೆಯ ಮೇಲೆ, ಕೂಸಿನ ಹಾಗೆ.
ಮೂರನೆಯ ನಿಮಿಷಕ್ಕೆ ವಾಸನೆ ಸಿಕ್ಕಿತು: ಕಚಾಸು,
ಮಾರ್ಕೆಟ್ಟಿನ ಹಿಂದೆ ಡ್ರಮ್ಮಿನಲ್ಲಿ ಬಟ್ಟಿಯಿಳಿಸಿದ್ದು.
ಆದರೆ ತುಟಿಯಲ್ಲಷ್ಟೆ. ಅಂಗಿಯ ಕಾಲರಿನಲ್ಲಷ್ಟೆ.
ಕಣ್ಣು ಬಿಳಿ. ಕುಡಿದವನ ಕಣ್ಣಲ್ಲ.
ಮುಕ್ಕಳಿಸಿ ಉಗಿದೆಯಾ?
ತಲೆ ತಗ್ಗಿಸಿದ.

ಏಳನೆಯ ನಿಮಿಷ:
“ಸಿಸ್ಟರ್, ಪಂಜರ ಇಳಿಯುವಾಗ ಹಗ್ಗ ಒಂದು ಕಡೆ ಜಗ್ಗುತ್ತದೆ.
ಹೋದ ತಿಂಗಳು ಜಗ್ಗಿದಾಗ ಮುಸೊಂಡ ನನ್ನ ಪಕ್ಕದಲ್ಲೇ ಇದ್ದ.
ಅವನ ಊಟದ ಡಬ್ಬಿ ಇನ್ನೂ ನನ್ನ ಲಾಕರಿನಲ್ಲಿದೆ,
ತೆರೆದಿಲ್ಲ.
ಹೆದರಿಕೆ ಅಂದರೆ ಫೋರ್‌ಮನ್ ನಗುತ್ತಾನೆ,
ಕುಡಿದಿದ್ದೇನೆ ಅಂದರೆ ಮನೆಗೆ ಕಳಿಸುತ್ತಾನೆ.
ಒಂದು ದಿನ. ಒಂದೇ ದಿನ ಸಾಕು.”

ಅವನ ತಲೆಯ ಹಿಂದೆಯೇ ನೋಟೀಸು,
ಹೋದ ಶುಕ್ರವಾರ ನಾನೇ ಅಂಟಿಸಿದ್ದು:
ಒಮ್ಮೆ ಸಿಕ್ಕಿಬಿದ್ದರೂ ಲೆಕ್ಕ ಚುಕ್ತಾ.
ಓದಿ ಹೇಳಿದೆ, ಬೆಂಬಾದಲ್ಲಿ, ಮೆಲ್ಲಗೆ,
ಸಾವಿನ ಸುದ್ದಿ ಮುಟ್ಟಿಸುವ ಹಾಗೆ.
ಆಗ ಬಾಯಿ ಒರೆಸಿಕೊಳ್ಳತೊಡಗಿದ.
ಅಂಗೈಯಿಂದ, ತೋಳಿನಿಂದ, ಮತ್ತೆ ಅಂಗೈಯಿಂದ.

ಹನ್ನೊಂದು. ಹನ್ನೆರಡು.
ತಗಡಿನ ಸಂದಿಯಿಂದ ಹೊಗೆ ಒಳಬಂತು. ಇಬ್ಬರೂ ಕೆಮ್ಮಿದೆವು.
ಆ ಚಿಮಣಿಯ ಬಾಯಿಗೆ
ಯಾರು ಕೊಳವೆ ಇಟ್ಟಾರು?

ಹದಿನೈದು.
ಊದು ಲುಕೊಂಡೆ.
ಊದಿದ. ಕಣ್ಣು ಮುಚ್ಚಿಕೊಂಡು, ಕೊನೆಯ ಚೂರು ಗಾಳಿಯವರೆಗೆ,
ಸಾಕು ಅಂದರೂ ನಿಲ್ಲಿಸದೆ.

ಸೊನ್ನೆ.

ನಕ್ಕನೋ ಏನೋ. ನೌಕರಿ ಉಳಿಯಿತು, ಪಂಜರವೂ ಉಳಿಯಿತು.
ಹಣೆಯ ದೀಪ ಹಚ್ಚಿಕೊಂಡು ಹೋದ.
ಬಾಗಿಲ ಅಗುಳಿ ಬೀಳುವ ಸದ್ದು ದಿನವೂ ನನ್ನ ಗೂಡಿಗೆ ಕೇಳುತ್ತದೆ;
ಇವತ್ತು ಕೇಳಿಸಿಕೊಂಡೆ.

ರಿಜಿಸ್ಟರು: ಹೆಸರು, ಟೋಕನ್ನು, ಮೊದಲ ಅಂಕಿ, ಎರಡನೆಯದು,
ಕೊನೆಗೆ ಬೆರಳಗಲದ ಒಂದು ಕಾಲಮ್ಮು, ಷರಾ.
ಐದು ವರ್ಷದಿಂದ ಅಲ್ಲಿ ಗೀಟು ಎಳೆಯುತ್ತ ಬಂದಿದ್ದೇನೆ.
ಇವತ್ತು ಬರೆದೆ: ಕೈ ನಡುಗುತ್ತಿದೆ, ಕಾರಣ ಮದ್ಯವಲ್ಲ,
ಹಗ್ಗ ನೋಡಿಸಿ.
ಜಾಗ ಸಾಲದೆ ಅಕ್ಷರ ಕೆಳಗಿನ ಗೆರೆಗೆ ಇಳಿಯಿತು.

ಮುಂದಿನವನು ಬಾಗಿ ನೋಡಿದ.
ಏನದು ಸಿಸ್ಟರ್, ನನ್ನ ಹೆಸರಿನ ಮೇಲೆ?

ಊದಿ, ಅಂದೆ.