ಕೆಳಗದ್ದೆಗೆ ನೀರು

ಮಂಡ್ಯದ ಹಳೇ ಟೆಲಿಫೋನ್ ಆಫೀಸಿನಲ್ಲಿ
ಈಗ ಸತ್ತವರ ಲೈನು.
ಟೋಕನ್ನಿಗೆ ಐವತ್ತು, ಮೂರು ನಿಮಿಷ.
ನಮ್ಮ ಮಾತು ಕೂಡಲೇ ಮುಟ್ಟುತ್ತದೆ, ಅವರದು ತಡ:
ಸತ್ತು ಎಷ್ಟು ವರ್ಷವೋ ಅಷ್ಟು ತಿಂಗಳು.

ನೀರುಗಂಟಿ ಜವರಯ್ಯ ಹೋಗಿ ಹನ್ನೊಂದು ವರ್ಷ.
ಸಾಕವ್ವ ಕಬ್ಬು ಕಡಿದು ನೇರ ಬಂದಿದ್ದಳು,
ಸೆರಗಿನಲ್ಲಿ ರವುದಿ.
ಮೈಕಿಗೆ ಬಾಯಿಟ್ಟು ಒಂದೇ ಕೇಳಿದಳು:
"ಜಾರಿ ಬಿದ್ದ್ಯಾ, ನೀನೇ ಬಿದ್ದ್ಯಾ?"
ಮಿಕ್ಕ ನಿಮಿಷಕ್ಕೆ ಕಾಸು ವಾಪಸು ಕೇಳಿದಳು.
ಕೊಡುವ ಹಾಗಿಲ್ಲ.

ಉತ್ತರ ನಿನ್ನೆ ರಾತ್ರಿ ಬಂತು, ಕರಕರ ಸದ್ದಿನೊಳಗೆ.
ಸಾಕವ್ವ ಹೋಗಿ ಮೂರು ವಾರ.
ಅತ್ತಲಿಂದ ಅತ್ತಲಿಗೆ ಲೈನಿಲ್ಲ;
ಸಿಕ್ಕರೆ ಸಿಕ್ಕರು.

"ತೂಬಿಗೆ ಸೊಪ್ಪು ಕಟ್ಕಂಡಿತ್ತು ಕಣಮ್ಮಿ,
ಬುಡಿಸಕ್ಕೆ ಇಳ್ದೆ.
ಕೆಳಗದ್ದೆಗೆ ನೀರ್ ಹೋಯ್ತಾ?"

ಡ್ಯೂಟಿ ಮುಗಿಸಿ ಬೆಳಗಿನ ಜಾವ
ನಾಲೆ ಏರಿಯ ಮೇಲೆ ಬೈಕು ನಿಲ್ಲಿಸಿದೆ.
ಕೆಳಗದ್ದೆ ಈಗ ಸೈಟು, ಕಲ್ಲು ನೆಟ್ಟು ನಂಬರು ಬರೆದಿದ್ದಾರೆ.
ಹದಿನಾಲ್ಕರ ಹತ್ತಿರ ಗೇಣುದ್ದ ನೀರು ನಿಂತಿತ್ತು,
ಯಾವ ಪೈಪು ಒಡೆದದ್ದೋ.

ವಾಪಸು ಬಂದು, ನನ್ನದೇ ಐವತ್ತು ಡಬ್ಬಕ್ಕೆ ಹಾಕಿ,
ಟೋಕನ್ ಹರಿದು,
ಹೇಳಿದೆ:
ಹೋಯ್ತು, ಯಜಮಾನ್ರೆ.