ಎಟ್ಟಿಯಲ್ಲ, ಡೆಂಜಿಯೂ ಅಲ್ಲ

ಇಳಿತ ಬೆಳಗಿನ ಆರೂ ಹತ್ತಕ್ಕೆ.
ಕೋಡಿ ಬೆಂಗ್ರೆಯ ಹಿಂಬದಿ, ಸ್ವರ್ಣೆ ಸಪ್ಪೆಯಾಗಿ ಬಂದು
ಉಪ್ಪಾಗುವಲ್ಲಿ, ಮೊಣಕಾಲುದ್ದ ಕೆಸರು.
ಪೈಪಿಗೆ ಸೈಕಲ್ ಟ್ಯೂಬು ಕಟ್ಟಿ ನಾನೇ ಮಾಡಿದ ಪಂಪು;
ತೂತಿನ ಬಾಯಿಗಿಟ್ಟು ಎಳೆದರೆ
ಚೊಳಕ್ಕೆಂದು ಕಪ್ಪು, ಕೊಳೆತ ಮೊಟ್ಟೆಯ ವಾಸನೆ,
ಮತ್ತೆ ಕಪ್ಪು. ಹದಿನೇಳನೆಯ ಸಲ
ಜರಡಿಯಲ್ಲಿ ಉಳಿಯಿತು:
ಕಿರುಬೆರಳುದ್ದ, ಬಿಳಿಚು, ಮೆತ್ತಗೆ,
ಬೆಳಕು ಕಂಡು ಮಡಚಿಕೊಂಡದ್ದು.

ಮರುವಾಯಿ ಹೆಕ್ಕುತ್ತಿದ್ದ ವಾರಿಜಾ ಕುಂದರ್
ಬುಟ್ಟಿ ಸೊಂಟಕ್ಕೊತ್ತಿ ಬಗ್ಗಿದರು.
“ಎಟ್ಟಿ ಅತ್ತ್.” ಬೆರಳಿಂದ ಮಗುಚಿ ನೋಡಿ,
“ಡೆಂಜಿಲಾ ಅತ್ತ್.”
ಮತ್ತೆ ಹೆಸರು?
“ಮಾರದ್ದಕ್ಕೆ ಹೆಸರು ಯಾಕೆ ಮಾರಾಯ್ರೆ?”

ಮಂಗಳೂರಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು
ಐರಿನ್ ಕ್ರಾಸ್ತಾ ಮೇಡಂ ಮೂರು ವಾರ ಹೇಳಿದ್ದೂ ಅದನ್ನೇ.
ಮೂತಿಯಲ್ಲಿ ಹಲ್ಲೆಷ್ಟು, ಕಣ್ಣ ಹಿಂದೆ ಮುಳ್ಳಿದೆಯೋ,
ಇಕ್ಕುಳದ ಒಂದು ಬೆರಳು ಇನ್ನೊಂದಕ್ಕಿಂತ ಗಿಡ್ಡವೋ,
ಬಾಲದ ಹಲಗೆ ಚೌಕವೋ. ನಾನು ಬರೆದುಕೊಂಡೆ.
ಇದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ:
ಅದರ ಬಿಲದಂತೆಯೇ ಪುಸ್ತಕವೂ ಕವಲೊಡೆದು
ಕೊನೆಗೊಂದು ಗೋಡೆ.

ಹತ್ತಿರದ್ದು ಅಂಡಮಾನಿನದಂತೆ. ನೂರು ವರ್ಷದ ಹಿಂದೆ
ಒಂದೇ ಒಂದು ಸಿಕ್ಕಿತ್ತು, ಗಂಡು,
ಎಡ ಇಕ್ಕುಳ ಮುರಿದದ್ದು. ನಮ್ಮದು ಹೆಣ್ಣು,
ಹೊಟ್ಟೆಯಡಿ ಮೊಟ್ಟೆ.
ನಡುವೆ ಒಂದು ಕಡಲು, ಇನ್ನೊಂದು ಕಡಲು,
ಯಾರೂ ಕೈಹಾಕದ ಅಷ್ಟೂ ಕೆಸರು.
“ಅಲ್ಲೆಲ್ಲ ಇಲ್ಲವೆಂದಲ್ಲ,” ಎಂದರು ಮೇಡಂ,
“ನಾವು ಬಗ್ಗಿದ್ದು ಕಡಿಮೆ.”

ನಕ್ಷೆಯಲ್ಲಿ ಚುಕ್ಕಿಯಿಡುವುದು ನನ್ನ ಕೆಲಸ.
ಎಷ್ಟು ಕೆತ್ತಿದರೂ ಪೆನ್ಸಿಲಿನ ಮೊನೆ
ಬೆಂಗ್ರೆಯನ್ನು, ಆಚೆ ದಡದ ಹಂಗಾರಕಟ್ಟೆಯನ್ನು,
ನಡುವಿನ ದೋಣಿಯನ್ನು ಒಟ್ಟಿಗೇ ನುಂಗುತ್ತದೆ.
ಬಾಟಲಿಯ ಚೀಟಿಗೂ ಅದೇ ಪೆನ್ಸಿಲು
(ಸ್ಪಿರಿಟ್ಟಿಗೆ ಶಾಯಿ ನಿಲ್ಲುವುದಿಲ್ಲ):
ದಿನಾಂಕ, ಆಳ, ಉಪ್ಪಿನಂಶ.
ಹೆಸರಿನ ಜಾಗದಲ್ಲಿ ಕುಲದ ಹೆಸರೊಂದೇ,
ಪಕ್ಕದಲ್ಲಿ ಪ್ರಶ್ನೆಚಿಹ್ನೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದೆ.
ವಾರಿಜಕ್ಕ ಮೊದಲೇ ಇಳಿದಿದ್ದರು.
ಸಿಕ್ಕಿತಾ ಹೆಸರು, ಎಂದು ಕೇಳಲಿಲ್ಲ;
ಕಾಲೆತ್ತಿದವನ ತೋಳು ಹಿಡಿದು ನಿಲ್ಲಿಸಿದರು.
ಹೆಜ್ಜೆಯಡಿ ಎರಡು ತೂತು,
ಒಂದರಲ್ಲಿ ನೀರು ಮಿಡಿಯುತ್ತಿತ್ತು.
“ಮೆಟ್ಟಬೇಡಿ. ಅಲ್ಲಿ ನಿಮ್ಮ ‘ಅತ್ತ್’ ಉಂಟು.”