ಏಳನೇ ಪ್ಯಾರಾ

ಶುಕ್ರವಾರ ತೀರ್ಪು: ದೋಷಿ.
ಸೋಮವಾರ ಹನ್ನೊಂದಕ್ಕೆ ಶಿಕ್ಷೆಯ ಪ್ರಮಾಣದ ಬಗ್ಗೆ ವಾದ.
ನಡುವೆ ಎರಡು ದಿನ, ಕೆಮ್ಮುವ ಒಂದು ಪ್ರಿಂಟರ್,
ಕರಂಗಲ್ಪಾಡಿಯ ಈ ಮಹಡಿಯಲ್ಲಿ
ಹಾಳೆ ಹಾರದಿರಲೆಂದು ಇಟ್ಟ ಹೆಂಚಿನ ಚೂರು.

ಹಳೆಯ ಮೆಮೊ ತೆರೆಯುತ್ತೇನೆ.
ಚಿಕ್ಕ ಪ್ರಾಯ. ಮೊದಲ ಅಪರಾಧ.
ವೃದ್ಧ ತಾಯಿಗೆ ಏಕೈಕ ಆಧಾರ.
ಏಳನೇ ಪ್ಯಾರಾದಲ್ಲಿ ಇನ್ನೂ ಕೂತಿದ್ದಾನೆ
ಹಿಂದಿನ ಕೇಸಿನ ಡೊಂಬಯ್ಯ,
ಅವನಿಗೂ ಮೊದಲು ಅಲ್ಲಿ ಯಾರಿದ್ದನೋ.
ಅವನನ್ನು ಎಬ್ಬಿಸಿ ಯಾದವ ಕರ್ಕೇರನನ್ನು ಕೂರಿಸುತ್ತೇನೆ.
ಏಕೈಕ ಆಧಾರ ಅಲ್ಲ, ತಂಗಿ ಬಟ್ಟೆಯಂಗಡಿಯಲ್ಲಿ ದುಡಿಯುತ್ತಾಳೆ.
ಅಳಿಸಿದೆ.
ತಾಯಿ ವೃದ್ಧೆಯೂ ಅಲ್ಲ,
ನನಗಿಂತ ಎರಡು ವರ್ಷ ಚಿಕ್ಕವಳು.
ಅದನ್ನು ಅಳಿಸದೆ ಸ್ವಲ್ಪ ಹೊತ್ತು ಕೂತೆ.

ಅವಳೇ ಬಂದಳು, ಬೆಂಗ್ರೆಯಿಂದ ದೋಣಿ ದಾಟಿ,
ಜವಳಿ ಅಂಗಡಿಯ ಚೀಲದಲ್ಲಿ ಮಗನನ್ನು ತುಂಬಿಕೊಂಡು:
ಗಣಿತದಲ್ಲಿ ಫೇಲಾದ ಅಂಕಪಟ್ಟಿ,
ಹೆಸರು ತಪ್ಪಾಗಿ ಬರೆದ ಕಬಡ್ಡಿಯ ಸರ್ಟಿಫಿಕೇಟು,
ರೇಷನ್ ಕಾರ್ಡು, ಮತ್ತೆ ಮಡಿಕೆಗಳಲ್ಲಿ ಹರಿದ
ಪೋಲಿಯೊ ಲಸಿಕೆಯ ಹಳದಿ ಕಾರ್ಡು.
‘ಇದೂ ಬೇಕಾದೀತಾ?
ಒಂದು ಹನಿಯೂ ತಪ್ಪಿಸಲಿಲ್ಲ ಮೇಡಂ, ಬರೆಯಿರಿ.’
ಬರೆದುಕೊಂಡೆ. ಪೆನ್ಸಿಲಿನಲ್ಲಿ.

ಕೋರ್ಟಿನಿಂದ ಕೊಡಿಯಾಲಬೈಲಿನ ಜೈಲಿಗೆ
ನಡೆದರೆ ಒಂದು ಬೀಡಿಯಷ್ಟು ದೂರ.
ಜಾಲರಿಯ ಆಚೆ ಅವನು ಉಗುರು ಕಚ್ಚುತ್ತಾ
‘ಗಾಡಿಯ ವಿಷಯ ಈಗ ಹೇಳಬಹುದಾ’ ಎಂದ.

ಗಾಡಿಯ ವಿಷಯ.
ದಕ್ಕೆಯ ಐಸ್ ಪ್ಲಾಂಟಿನಲ್ಲಿ, ರಾತ್ರಿ ಎರಡೂವರೆಗೆ,
ಬಾಕಿ ಕೂಲಿಯ ನಾನೂರು ರೂಪಾಯಿಗೆ ಜಗಳವಾಗಿ
ಐಸ್ ಒಡೆಯುವ ಕೊಡತಿ ಎತ್ತಿದವನು ಇವನೇ.
ಬಿದ್ದ ಹರೀಂದ್ರ ಬಂಗೇರನನ್ನು ಐಸಿನ ಗಾಡಿಗೆ ಹಾಕಿ
ತಲೆಗೆ ತನ್ನ ಅಂಗಿ ಸುತ್ತಿ
ಬಂದರಿನ ಏರು ದಾರಿಯಲ್ಲಿ
ವೆನ್ಲಾಕ್ ಗೇಟಿನವರೆಗೆ ಒಬ್ಬನೇ ನೂಕಿದವನೂ ಇವನೇ.
‘ದಾರಿಯಿಡೀ ಮಾತಾಡಿಸುತ್ತಿದ್ದೆ ಮೇಡಂ,
ಮಲಗಬೇಡ ಮಾರಾಯ, ಮಲಗಬೇಡ ಅಂತ.’
ಗೇಟಿನಲ್ಲಿ ಬಿಟ್ಟು ಓಡಿದ.

ಅದನ್ನು ಕಂಡವನೊಬ್ಬನಿದ್ದ, ಆಸ್ಪತ್ರೆಯ ವಾಚ್‌ಮನ್.
ಆರನೇ ಸಾಕ್ಷಿ. ಪಾಟೀ ಸವಾಲು ನನ್ನದು.
ಗೇಟಿನ ದೀಪ ಕೆಟ್ಟಿತ್ತಲ್ಲವೇ? ಹೌದು.
ನಿಮ್ಮ ಕನ್ನಡಕ ಮೇಜಿನ ಮೇಲಿತ್ತಲ್ಲವೇ? ಹೌದು.
ಮುಖ ಕಂಡಿರಾ?
ಅವನು ತುಂಬ ಹೊತ್ತು ನೆಲ ನೋಡಿದ. ಇಲ್ಲ, ಎಂದ.
ಆವತ್ತು ಜೂನಿಯರ್ ನಫೀಸಾ ನನಗೆ ಎಳನೀರು ಕುಡಿಸಿದಳು.
ಮೂರು ವರ್ಷ ನಮ್ಮ ವಾದ ಒಂದೇ:
ಯಾದವ ಅಲ್ಲಿ ಇರಲೇ ಇಲ್ಲ.

ಇನ್ನು ಅಪೀಲಿನಲ್ಲಿಯೂ ಅವನು ಅಲ್ಲಿ ಇರಬಾರದು.
ಇಲ್ಲದವನು ಗಾಡಿ ನೂಕುವುದು ಹೇಗೆ?

ತೀರ್ಪಿನ ದಿನ ವರಾಂಡದಲ್ಲಿ
ಹರೀಂದ್ರನ ಹೆಂಡತಿ ಸುಗಂಧಿ ನನ್ನ ಗೌನಿನ ತೋಳು ಹಿಡಿದಿದ್ದಳು.
ಬೈಯುತ್ತಾಳೆಂದು ನಿಂತೆ. ಬೈಯಲಿಲ್ಲ.
‘ನಿಮಗೆ ಗೊತ್ತಿರಬಹುದು,
ಗೇಟಿನವರೆಗೆ ಜೊತೆಗೆ ಯಾರಾದರೂ ಇದ್ದರಾ ಅವರಿಗೆ?’
ಗೊತ್ತಿಲ್ಲಮ್ಮ, ಎಂದೆ.
ವಕೀಲಳಾಗಿ ಸರಿಯಾದ ಉತ್ತರ.

ಭಾನುವಾರ ರಾತ್ರಿ.
ಏಳನೇ ಪ್ಯಾರಾಕ್ಕೆ ಗಾಡಿ ತಂದೆ.
ಗಾಡಿ ತೆಗೆದೆ.
ಮತ್ತೆ ತಂದೆ.
ತೊಳೆದು ಹಾಕಿದ ಬಿಳಿ ಬ್ಯಾಂಡು ಒಣಗಿಲ್ಲ,
ಈ ಊರಿನ ಗಾಳಿಗೆ ಉಪ್ಪೂ ನೀರು ಬಿಡುತ್ತದೆ.
ಹೆಂಚಿನ ಚೂರಿನ ಕೆಳಗೆ ಎರಡು ಪ್ರತಿ:
ಒಂದರಲ್ಲಿ ಐದು ವರ್ಷವಾದರೂ ಕಡಿಮೆಯಾದೀತು,
ಇನ್ನೊಂದರಲ್ಲಿ ಬಿಡುಗಡೆಯ ಆಸೆ,
ಲಸಿಕೆಯ ಕಾರ್ಡಿನಷ್ಟು ತೆಳು.

ಹನ್ನೊಂದಕ್ಕೆ ನ್ಯಾಯಾಧೀಶರು
‘ನಿನಗೇನಾದರೂ ಹೇಳಲಿಕ್ಕೆ ಉಂಟಾ’ ಎಂದು ಅವನನ್ನು ಕೇಳುತ್ತಾರೆ.
ಅವನು ನನ್ನ ಕಡೆ ನೋಡುತ್ತಾನೆ.
ಅದಕ್ಕೆ ಮೊದಲು ನಾನು ಅವನನ್ನು ಕೇಳಬೇಕು,
ಪೊಲೀಸ್ ವ್ಯಾನಿನಿಂದ ಇಳಿಸಿ ಮೇಲೆ ಕರೆದೊಯ್ಯುವ
ಹದಿನೆಂಟು ಮೆಟ್ಟಿಲುಗಳಲ್ಲಿ.
ನನಗೆ ಬೇಗ ಮಾತಾಡಿ ಅಭ್ಯಾಸ.
ಅವನು ನಿಧಾನ.